ಪ್ಲಗ್ ತಿರುಗಿಸುವ ಮೊದಲಿನ ಅರ್ಧ ಗಂಟೆ

ಹಾಯಿದೋಣಿಗಳ ರಿಪೇರಿ ಯಾರ್ಡಿನಲ್ಲಿ ನನ್ನ ಕೆಲಸ. ದೋಣಿ ದಡಕ್ಕೆ ಬಂತು ಅಂದರೆ ಸೇಲ್‌ಡ್ರೈವ್‌ನ ಆಯಿಲ್ ಬದಲಾಯಿಸುವುದು ಇದ್ದೇ ಇರುತ್ತದೆ. ಸೇಲ್‌ಡ್ರೈವ್ ಅಂದರೆ ದೋಣಿಯ ತಳದಿಂದ ಕೆಳಗೆ ಇಳಿದ ಅಲ್ಯೂಮಿನಿಯಂ ಕಾಲು. ತುದಿಯಲ್ಲಿ ಪ್ರೊಪೆಲರ್, ಒಳಗೆ ಗೇರು, ಗೇರಿಗೆ ಆಯಿಲ್. ಕಾಲಿನ ಅಡಿಯಲ್ಲಿರುವ ಸಣ್ಣ ಪ್ಲಗ್ ಬಿಚ್ಚಿದರೆ ಹಳೆ ಆಯಿಲ್ ಇಳಿಯುತ್ತದೆ. ಬಿಚ್ಚಲು ಬಂದರೆ!

ಕೆಲಸಕ್ಕೆ ಸೇರಿದ ಹೊಸತು. ಕೈಗೆ ಸಿಕ್ಕ ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ಲಗ್ಗಿನ ತಲೆಯ ಸೀಳಿಗೆ ಇಟ್ಟು ಜೋರಾಗಿ ತಿರುಗಿಸಿದೆ. ಅದು ಸೀಳಿಗಿಂತ ತೆಳು, ಅಗಲವೂ ಕಮ್ಮಿ. ಒಂದು ಸಲ ಜಾರಿತು, ಎರಡನೇ ಸಲ ಸೀಳಿನ ಅಂಚು ಕಿತ್ತು ಬಂತು. ಯಾರ್ಡಿನ ಹಿರಿಯ ಮೆಕ್ಯಾನಿಕ್ ಬಂದು ಬಗ್ಗಿ ನೋಡಿದರು. "ಮೊದಲು ಕಸ ತೆಗಿ ತಮ್ಮಾ, ಆಮೇಲೆ ಕೈ ಹಾಕು" ಅಂದರು, ಅಷ್ಟೇ. ಪ್ಲಗ್ಗಿನ ತಲೆ ಸ್ವಲ್ಪ ಹೊರಗಿದ್ದದ್ದು ಪುಣ್ಯ. ಅಂಚಿಗೆ ಚಾಣ ಇಟ್ಟು, ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಟ್ಟಿ ತಟ್ಟಿ ಅವರೇ ತೆಗೆದರು. ಆ ಪ್ಲಗ್ ಕಸಕ್ಕೆ ಹೋಯಿತು. ಕಾಲು ಉಳಿಯಿತು.

ಹೊರಬಂದ ಪ್ಲಗ್ಗಿನ ಥ್ರೆಡ್ಡಿನ ತುಂಬ ಬಿಳಿ ಪುಡಿ. ಬೇರೆ ಲೋಹದ ಪ್ಲಗ್, ಅಲ್ಯೂಮಿನಿಯಂ ಕಾಲು, ನಡುವೆ ಉಪ್ಪುನೀರು. ಮೂರೂ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಸವೆದು ಆಗುವ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಥ್ರೆಡ್ ಒಳಗೇ ಬಿಗಿದುಕೊಳ್ಳುತ್ತದೆ. ಅದರ ಮೇಲೆ ಬಳಿದ ಬಣ್ಣ ಬೇರೆ.

ಈಗ ಮಾಸ್ಕ್ ಹಾಕಿಕೊಂಡು ಮೊದಲು ಬಣ್ಣ ಕೆರೆಯುತ್ತೇನೆ. ತಳಕ್ಕೆ ಹೊಡೆಯುವ ಆ ಬಣ್ಣದ ಧೂಳು ವಿಷ. ಸೀಳಿನೊಳಗಿನದನ್ನು ಮೊನಚು ಕಡ್ಡಿಯಿಂದ ಕೆದಕಿ, ತಳದ ಲೋಹ ಹೊಳೆಯುವ ತನಕ ಬಿಡುವುದಿಲ್ಲ. ಆಮೇಲೆ ಸೀಳಿನ ಪೂರ್ತಿ ಅಗಲಕ್ಕೆ, ದಪ್ಪಕ್ಕೆ ಸರಿಯಾಗಿ ಕೂರುವ ಬಿಟ್, ಅಂದರೆ ಸ್ಕ್ರೂಡ್ರೈವರಿನ ಬಿಡಿ ತುದಿ, ಹುಡುಕುತ್ತೇನೆ. ಅಲುಗಾಡಿದರೆ ಅದು ಬೇಡ. ಆರು ಮೂಲೆಯ ಆಲನ್ ಕೀ ಹಾಕುವ ಪ್ಲಗ್ ಆದರೂ ಅಷ್ಟೇ, ಮೂಲೆ ಸವೆದ ಕೀ ಮುಟ್ಟಬಾರದು. ತುಕ್ಕು ಬಿಡಿಸುವ ಆಯಿಲ್ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತೇನೆ. ಹಟಮಾರಿ ಪ್ಲಗ್ ಆದರೆ ರಾತ್ರಿಯಿಡೀ ಬಿಡುತ್ತೇನೆ.

ತಿರುಗಿಸುವಾಗ ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆಯಷ್ಟು. ಕಚ್ಚಿಕೊಂಡದ್ದು ಅಲ್ಲೇ ಬಿಡುವುದುಂಟು. ಬಿಡದಿದ್ದರೆ ಏಟು ಬಿದ್ದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್, ಅದಕ್ಕೆ ಸುತ್ತಿಗೆಯ ಸಣ್ಣ ಏಟು. ಪ್ಲಗ್ ಕೆಳಮುಖವಾಗಿದ್ದರೆ ಬಿಟ್ಟಿನ ಅಡಿಗೆ ಚಿಕ್ಕ ಜಾಕ್ ಕೊಟ್ಟು, ಬಿಟ್ಟಿಗೆ ಪಾನಾ ಹಾಕಿ ತಿರುಗಿಸುತ್ತೇನೆ. ಜಾಕ್ ಬಿಟ್ ಜಾರದಷ್ಟು ಒತ್ತಿದರೆ ಸಾಕು, ದೋಣಿ ಎತ್ತಲು ಹೋಗಬೇಡಿ.

ಬಿಸಿ ಕೊಡುವುದು ಕೊನೆಗೆ. 100 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ 1.6ರಿಂದ 1.7. ಹಾಗಾಗಿ ಪ್ಲಗ್ಗಿಗಲ್ಲ, ಅದರ ಸುತ್ತಲಿನ ಕಾಲಿಗೆ ಬಿಸಿ ಕೊಡಬೇಕು, ಅದೂ ಹೀಟ್ ಗನ್ನಿನಿಂದ. ಬೆಂಕಿ ಬೇಡವೇ ಬೇಡ. ಪಕ್ಕದಲ್ಲೇ ಪ್ರೊಪೆಲರ್ ಶಾಫ್ಟಿನ ರಬ್ಬರ್ ಸೀಲ್ ಇದೆ, ಅಲ್ವಾ?

ಪ್ಲಗ್ ಸಡಿಲವಾದಾಗ ಮೊದಲ ಹನಿ ನೋಡಿ. ಒಳಗೆ ನೀರು ಸೇರಿದ್ದು ದೋಣಿ ಸುಮಾರು ದಿನ ಸುಮ್ನೆ ನಿಂತಿದ್ದರೆ, ಆಯಿಲ್‌ಗಿಂತ ಮೊದಲು ನೀರೇ ಬರುತ್ತದೆ. ಆಯಿಲ್ ಹಾಲು ಬೆರೆತ ಹಾಗೆ ಬೆಳ್ಳಗಿದ್ದರೂ ನೀರು ಸೇರಿದೆ ಅಂತಲೇ ಅರ್ಥ, ಸೀಲ್ ನೋಡಲೇಬೇಕು.

ವಾಪಸ್ ಹಾಕುವಾಗ ವಾಷರ್ ಅಥವಾ ಓ-ರಿಂಗ್ (ರಬ್ಬರ್ ಬಳೆ) ಹೊಸದು. ಥ್ರೆಡ್ಡಿಗೆ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಟೆಫ್-ಜೆಲ್ ಥರದ ಗ್ರೀಸ್ ತೆಳುವಾಗಿ. ತಾಮ್ರದ ಪುಡಿ ಇರುವ ಗ್ರೀಸ್ ಅಲ್ಯೂಮಿನಿಯಂಗೆ ಹಚ್ಚಲೇಬಾರದು, ಸವೆತ ಇನ್ನೂ ಜಾಸ್ತಿ ಆಗುತ್ತದೆ.

ಅದೇ ದೋಣಿ ಮರುವರ್ಷ ಬಂತು. ಬಣ್ಣ ಕೆರೆದೆ, ಸೀಳು ತೊಳೆದೆ, ಬಿಟ್ ಇಟ್ಟು ತಿರುಗಿಸಿದೆ. ಮಣಿಕಟ್ಟಿನ ಬಲಕ್ಕೇ ಪ್ಲಗ್ ಬಂತು. ಥ್ರೆಡ್ಡಿನಲ್ಲಿ ಹಿಂದಿನ ವರ್ಷದ ಗ್ರೀಸ್ ಇನ್ನೂ ಇತ್ತು.