ಸ್ಯಾಮ್ ಹಾಕೆನ್ಸ್ ಗಡ್ಡದೊಳಗೆ ರಾಲ್ಫ್ ವೋಲ್ಟರ್

ಅಂತೂ ಗಡ್ಡ ಕೂತಿತು. ಅದಕ್ಕಿಂತ ಖುಷಿ, ಗಡ್ಡದೊಳಗೆ ಮನುಷ್ಯ ಸಿಕ್ಕಿದ.

ಆರ್ಮೇಚರ್ (ಗೊಂಬೆಯ ಒಳಗಿನ ಅಸ್ಥಿಪಂಜರ), ಬಟ್ಟೆ, ಬೂಟು ಎಲ್ಲ ಯಥಾಪ್ರಕಾರ, ಅದನ್ನು ಬಿಡಿ. ನಿಜದ ಆರನೇ ಒಂದು ಅಳತೆಯ ಸ್ಯಾಮ್ ಹಾಕೆನ್ಸ್ ಗೊಂಬೆ ಇದು. 1962ರ ಜರ್ಮನ್ ಕೌಬಾಯ್ ಕಥೆ ‘ಡೆರ್ ಶಾಟ್ಸ್ ಇಮ್ ಜಿಲ್ಬರ್‌ಜೇ’ ಚಿತ್ರದಲ್ಲಿ ರಾಲ್ಫ್ ವೋಲ್ಟರ್ ಮಾಡಿದ ಪಾತ್ರ. ನಾಯಕರಾದ ಲೆಕ್ಸ್ ಬಾರ್ಕರ್, ಪಿಯರ್ ಬ್ರೀಸ್ ಇಬ್ಬರೂ ಗಂಭೀರವಾಗಿ ಕುದುರೆ ಓಡಿಸುತ್ತಿದ್ದರೆ, ಜನರನ್ನು ನಗಿಸುವ ಜವಾಬ್ದಾರಿ ಇವನದು.

ತಲೆನೋವು ಏನಪ್ಪಾ ಅಂದರೆ, ಆ ವೇಷದಲ್ಲಿ ನಟನೇ ಕಾಣುವುದಿಲ್ಲ. ಟೋಪಿ, ಅದರಡಿ ವಿಗ್, ಅದರಡಿ ಪೊದೆಗಡ್ಡ. ನಾಲ್ಕು ಸೆಂ.ಮೀ. ತಲೆಯಲ್ಲಿ ನಮಗೆ ಉಳಿಯುವುದು ಕಣ್ಣು, ಮೂಗು ಅಷ್ಟೇ. ಎಪಾಕ್ಸಿ ಪುಟ್ಟಿಯಲ್ಲಿ ಗಡ್ಡ ಕೆತ್ತಿದರೆ ಕುಂಭಮೇಳದ ಯಾವುದೋ ಬಾಬಾ ಎದ್ದು ಬರುತ್ತಿದ್ದ. ಇನ್ನು ‘ಶುದ್ಧ ಮೋಹೇರ್’ (ಅಂಗೋರಾ ಮೇಕೆಯ ಕೂದಲು) ಅಂತ ದುಡ್ಡು ಪೀಕಿಸಿಕೊಂಡ ಅಂಗಡಿಯವನ ಸರಕಿನ ಒಂದೆಳೆಗೆ ಬೆಂಕಿ ತಾಗಿಸಿದೆ: ಸುಟ್ಟ ಕೂದಲಿನ ವಾಸನೆಯೇ ಇಲ್ಲ, ಕರಗಿ ಗಟ್ಟಿ ಮಣಿಯಾಯಿತು. ಅಪ್ಪಟ ಪ್ಲಾಸ್ಟಿಕ್ಕು! ಕೇಳಿದರೆ ‘ಪ್ರೀಮಿಯಂ ಕ್ವಾಲಿಟಿ ಸಾರ್’ ಅಂತ ಉತ್ತರ.

ದಾರಿ ಸಿಕ್ಕಿದ್ದು ನಿರ್ದೇಶಕ ಬಿಲ್ಲಿ ವೈಲ್ಡರ್‌ನ ‘ಒನ್, ಟೂ, ಥ್ರೀ’ಯಲ್ಲಿ. 1961ರ ಆ ಚಿತ್ರದಲ್ಲಿ ಮೂವರು ಸೋವಿಯತ್ ಕಮಿಸಾರರ (ಅಧಿಕಾರಿಗಳ) ಪೈಕಿ ಬೊರೊಡೆಂಕೊ ಆಗಿದ್ದವರು ಇದೇ ವೋಲ್ಟರ್. ನಟಿ ಲೀಸೆಲೊಟ್ಟೆ ಪುಲ್ವರ್ ಮೇಜಿನ ಮೇಲೆ ಕುಣಿಯುವ ದೃಶ್ಯದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಗು ಬಂದಾಗ ವೋಲ್ಟರ್ ಕೆನ್ನೆ ಮೇಲೇರಿ ಕಣ್ಣನ್ನು ಕಿರಿದು ಮಾಡುತ್ತದೆ. ಗಡ್ಡದ ಮೇಲಂಚನ್ನು ಎತ್ತಿ ಹಿಡಿಯಬೇಕಾದದ್ದು ಆ ಕೆನ್ನೆ! (ಆ ಚಿತ್ರೀಕರಣದ ನಡುವೆಯೇ ಬರ್ಲಿನ್ ಗೋಡೆ ಎದ್ದು, ಬ್ರಾಂಡೆನ್‌ಬುರ್ಗ್ ಗೇಟಿನ ಸೆಟ್ಟನ್ನು ಮ್ಯೂನಿಕ್‌ನಲ್ಲಿ ಕಟ್ಟಬೇಕಾಯಿತು. ಆ ಸೆಟ್ಟಿನದೇ ಪುಟ್ಟ ಮಾದರಿ, ಅಂದರೆ ಡಯೊರಾಮಾ ಮಾಡಿದರೆ ಹೇಗೆ? ಬೇಡ, ಮನೆಯಲ್ಲಿ ಜಾಗವಿಲ್ಲ.)

ಹಾಗಾಗಿ ಮೊದಲು ಬೋಳು ಮುಖದ ವೋಲ್ಟರ್ ಕೆತ್ತಿ, ಸಿಲಿಕೋನ್ ಅಚ್ಚು ತೆಗೆದು, ರೆಸಿನ್ ಎರಕ ಹೊಯ್ದೆ. ಆಮೇಲೆ ಅಸಲಿ ಮೋಹೇರ್, ಗದ್ದದಿಂದ ಶುರು ಮಾಡಿ ಮೇಲಕ್ಕೆ, ಚಿಮಟದಲ್ಲಿ ಸಾಲು ಸಾಲಾಗಿ. ಸೂಪರ್‌ಗ್ಲೂ ಬೇಡವೇ ಬೇಡ, ಕೂದಲು ಸೆಟೆದು ನಿಲ್ಲುತ್ತದೆ. ಮ್ಯಾಟ್ ಅಕ್ರಿಲಿಕ್ ಮೀಡಿಯಂ (ಹೊಳಪಿಲ್ಲದ ಅಂಟುದ್ರಾವಣ) ಸಾಕು. ಕಥೆಯ ಪ್ರಕಾರ ಇವನ ನೆತ್ತಿಯ ಚರ್ಮ ಸುಲಿದಿರುವುದರಿಂದ ವಿಗ್ ಕಳಚಿ ಬರಲೇಬೇಕು. ನೆತ್ತಿಯಲ್ಲೊಂದು, ವಿಗ್ಗಿನಲ್ಲೊಂದು 3 ಮಿ.ಮೀ. ಮ್ಯಾಗ್ನೆಟ್. ಅಂಟಿಸುವ ಮುನ್ನ ಧ್ರುವ ನೋಡಿಕೊಳ್ಳಿ, ಇಲ್ಲದಿದ್ದರೆ ವಿಗ್ಗೇ ತಲೆ ಬಿಟ್ಟು ಓಡುತ್ತದೆ.

ಅಚ್ಚಿನ ದುಡ್ಡು ಈಗ ವಸೂಲಾಗಬೇಕು. ಅದೇ ತಲೆಗೆ ರುಮಾಲು ಸುತ್ತಿದರೆ 1964ರ ‘ಡೆರ್ ಶುಟ್’ ಚಿತ್ರದ ಹಾಜಿ ಹಾಲೆಫ್ ಓಮರ್. ಒಂದಿಷ್ಟು ವಯಸ್ಸು ಸೇರಿಸಿದರೆ 1972ರ ‘ಕ್ಯಾಬರೆ’ಯ ಹೆರ್ ಲುಡ್ವಿಗ್. 2022ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡ ಮನುಷ್ಯ. ಸಿನಿಮಾ, ಟಿವಿ ಸೇರಿ ಮಾಡಿದ ಪಾತ್ರಗಳು ಇನ್ನೂರರ ಮೇಲೆ. ಬಹುಪಾಲು ಸಣ್ಣವೇ. ನನ್ನ ಮಟ್ಟಿಗೆ ಬಾರ್ಕರ್ ಮುಖ ಕೆತ್ತುವುದು ಸುಲಭ, ಬೇಜಾರಿನ ಕೆಲಸ ಕೂಡ. ಇವರದು ಹಾಗಲ್ಲ.

ಆದರೆ ಸರದಿಯಲ್ಲಿ ನುಗ್ಗಿ ನಿಂತಿರುವವನು ಲಾರ್ಡ್ ಕಾಸಲ್‌ಪೂಲ್. ಸ್ಯಾಮ್ ಹಾಕೆನ್ಸ್ ಇರುವ ಚಿತ್ರದಲ್ಲೇ ಎಡ್ಡಿ ಆರೆಂಟ್ ಮಾಡಿದ ಚಿಟ್ಟೆ ಹಿಡಿಯುವ ದೊರೆ. ಅವನ ಬಲೆಗೆ ಸೊಳ್ಳೆಪರದೆ ಹಾಕಿ ನೋಡಿದರೆ ಈ ಅಳತೆಗೆ ಮೀನಿನ ಬಲೆಯಂತೆ ಕಾಣುತ್ತದೆ. ರೇಷ್ಮೆ ಟ್ಯೂಲ್ (ತೆಳು ಜಾಲರಿ ಬಟ್ಟೆ) ಬಳಸಿದವರು ಯಾರಾದರೂ ಇದ್ದೀರಾ? ಬಣ್ಣ ಹಚ್ಚಿದರೆ ಜಾಲರಿಯ ಕಣ್ಣು ಮುಚ್ಚಿಕೊಳ್ಳುತ್ತದೋ ಹೇಗೆ?