ಊರೂರು ತಿರುಗಿ ಮಾರಿದ ಹಾಡು

ಅಮೆರಿಕದ ಜಾನಪದ ಶೈಲಿಯ ಗಾಯಕಿ, ಗೀತರಚನೆಕಾರ್ತಿ ಆನಿ ಡಿಫ್ರಾಂಕೊ ಅವರ ಮಾತು ಬಂದಾಗಲೆಲ್ಲ, ಹಾಡು ಮಾರುವ ದೊಡ್ಡ ಕಂಪನಿಗಳಿಗೆ ಸೊಪ್ಪು ಹಾಕದವರು ಎಂಬ ಹೊಗಳಿಕೆಯೂ ಜೊತೆಗೇ ಬರುತ್ತದೆ. ಅದು ನಿಜವೇ. ಆದರೆ ಒಪ್ಪಂದಕ್ಕೆ ಸಹಿ ಹಾಕದಿದ್ದ ಮಾತ್ರಕ್ಕೆ ಹಾಡು ಕೇಳುಗರನ್ನು ತಲುಪಿಬಿಡುವುದಿಲ್ಲ. ಆ ಕೆಲಸವನ್ನು ಅವರಿಗೆ ಮಾಡಿಕೊಟ್ಟದ್ದು ತಿರುಗಾಟ. ಅವರ ಸ್ವತಂತ್ರ ಆಲ್ಬಮ್‌ಗಳನ್ನು ಆ ತಿರುಗಾಟದಿಂದ ಬೇರ್ಪಡಿಸಿ ನೋಡಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ ಎಂದು ನನಗನ್ನಿಸುತ್ತದೆ.

ಆನಿ ಹುಟ್ಟಿದ್ದು 1970ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ. ಹುಡುಗಿಯಾಗಿದ್ದಾಗಲೇ ಅಲ್ಲಿನ ಬಾರ್‌ಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಅವರು, 1990ರಲ್ಲಿ ತಮ್ಮ ಹೆಸರನ್ನೇ ಇಟ್ಟ ಮೊದಲ ಆಲ್ಬಮ್ಮನ್ನು ಸ್ವಂತ ಲೇಬಲ್‌ನಿಂದ, ಅಂದರೆ ತಮ್ಮದೇ ಧ್ವನಿಮುದ್ರಣ ಕಂಪನಿಯಿಂದ, ಹೊರತಂದರು. ಆ ಲೇಬಲ್ ಮುಂದೆ ‘ರೈಟಿಯಸ್ ಬೇಬ್ ರೆಕಾರ್ಡ್ಸ್’ ಎಂದು ಹೆಸರಾಯಿತು. ಕ್ಯಾಸೆಟ್ ಎಂದರೆ ಅಂಗಡಿಯ ಗಾಜಿನ ಕಪಾಟಿನಿಂದ ತೆಗೆಸಿ ಕೊಳ್ಳುವ ವಸ್ತು ಎಂದೇ ತಿಳಿದು ಬೆಳೆದ ನನ್ನಂಥವರಿಗೆ, ಕಾರಿನಲ್ಲಿ ಕ್ಯಾಸೆಟ್ ತುಂಬಿಕೊಂಡು ಕಾಲೇಜಿನಿಂದ ಕಾಲೇಜಿಗೆ, ಕಾಫಿ ಅಂಗಡಿಯಿಂದ ಜಾನಪದ ಉತ್ಸವಕ್ಕೆ ಹೋಗಿ, ಹಾಡಿ ಮುಗಿಸಿದ ಮೇಲೆ ಅಲ್ಲೇ ಅವನ್ನು ಮಾರುವ ಪದ್ಧತಿ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ವಿದ್ಯಾರ್ಥಿಗಳು ಆ ಕ್ಯಾಸೆಟ್‌ಗಳ ನಕಲು ಮಾಡಿ ಗೆಳೆಯರಿಗೆ ಹಂಚಿದರು. ಮರುವರ್ಷ ಅದೇ ಊರಿಗೆ ಹೋದಾಗ, ಹಾಡುಗಳನ್ನು ಆಗಲೇ ಬಾಯಿಪಾಠ ಮಾಡಿಕೊಂಡಿದ್ದ ಜನ ಎದುರಿಗೆ ಕೂತಿರುತ್ತಿದ್ದರು.

ಮೊದಲ ಆಲ್ಬಮ್‌ನಲ್ಲಿ ಇರುವುದು ಒಂದು ದನಿ, ಒಂದು ಅಕೂಸ್ಟಿಕ್ ಗಿಟಾರ್, ಅಷ್ಟೇ. ಆದರೂ ಅದು ಬಡವಾಗಿ ಕೇಳಿಸುವುದಿಲ್ಲ, ಏಕೆಂದರೆ ಆನಿ ತಂತಿಯನ್ನು ಮೀಟುವಷ್ಟೇ ಬಡಿಯುತ್ತಾರೆ ಕೂಡ. ತಾಳವಾದ್ಯದ ಕೆಲಸವೂ ಅದೇ ಬಲಗೈಯಿಂದ ಆಗಿಬಿಡುತ್ತದೆ. ಆ ಹೊಡೆತಕ್ಕೆ ಸ್ವಂತ ಉಗುರು ತಾಳದೆ, ಅವರು ಕೃತಕ ಉಗುರು ಅಂಟಿಸಿಕೊಂಡು, ಅದರ ಮೇಲೆ ವೈರಿಗೆ ಸುತ್ತುವ ಕಪ್ಪು ಟೇಪನ್ನು ಬಿಗಿಯಾಗಿ ಸುತ್ತಿಕೊಂಡೇ ವೇದಿಕೆ ಹತ್ತುತ್ತಾರೆ. ಗದ್ದಲದ ಬಾರ್‌ನಲ್ಲಿ ಒಬ್ಬಂಟಿಯಾಗಿ ನಿಂತು ಹಾಡುವವರಿಗೆ ಜನರ ಗಮನ ಸೆಳೆಯಲು ಇಂಥ ಗಡಸು ನುಡಿಸಾಣಿಕೆ ಬೇಕೇ ಬೇಕು.

ಆ ಆಲ್ಬಮ್‌ನ ಮೊದಲ ಹಾಡು ‘ಬೋತ್ ಹ್ಯಾಂಡ್ಸ್’. ಅದನ್ನು ಕೇಳಿದ ಮೇಲೆ 1997ರ ‘ಲಿವಿಂಗ್ ಇನ್ ಕ್ಲಿಪ್’ ಎಂಬ ಜೋಡಿ ಸಿಡಿಯಲ್ಲಿ ಅದೇ ಹಾಡನ್ನು ಬಫಲೋ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆಗೆ ಹಾಡಿರುವುದನ್ನೂ ಕೇಳಬೇಕು. ನನಗೆ ಒಂಟಿ ಗಿಟಾರಿನದೇ ಹೆಚ್ಚು ಇಷ್ಟ. ಪಿಟೀಲುಗಳ ಗುಂಪು ಮೇಲೇಳುವಾಗ ಪದಗಳ ಚೂಪು ಮೊಂಡಾಗುತ್ತದೆ. ಆದರೆ ಒಟ್ಟಾರೆಯಾಗಿ ನೋಡಿದರೆ, ಸಂಗೀತ ಕಛೇರಿಗಳಲ್ಲೇ ಧ್ವನಿಮುದ್ರಿಸಿದ ಈ ಜೋಡಿ ಸಿಡಿ ಅವರ ಸ್ಟುಡಿಯೋ ಆಲ್ಬಮ್‌ಗಳಿಗಿಂತ ಎಷ್ಟೋ ಮೇಲು. ಹಾಡುಗಳ ನಡುವಿನ ಹರಟೆ, ನಗು, ಸಭಿಕರ ಕೂಗು ಎಲ್ಲವೂ ಅದರಲ್ಲಿವೆ.

ಅಷ್ಟರಲ್ಲಿ ವ್ಯಾಪಾರದ ಸುದ್ದಿ ಬರೆಯುವ ಪತ್ರಕರ್ತರ ಕಣ್ಣು ಅವರ ಮೇಲೆ ಬಿದ್ದಿತ್ತು. ನಡುವಿನ ಕಂಪನಿ ಇಲ್ಲದ್ದರಿಂದ ಅವರಿಗೆ ಪ್ರತಿ ಆಲ್ಬಮ್‌ಗೆ ನಾಲ್ಕು ಡಾಲರಿಗೂ ಹೆಚ್ಚು ಸಿಗುತ್ತಿತ್ತು, ಅದು ಎಷ್ಟೋ ದೊಡ್ಡ ತಾರೆಗಳ ಪಾಲಿಗಿಂತ ಜಾಸ್ತಿ. ಸ್ತ್ರೀವಾದಿ ಪತ್ರಿಕೆ ‘ಮಿಸ್’ ಕೂಡ ಈ ಲೆಕ್ಕವನ್ನೇ ಮುಂದಿಟ್ಟು ಹೊಗಳಿದಾಗ ಅವರು ಬೇಸರಗೊಂಡು ಬಹಿರಂಗ ಪತ್ರ ಬರೆದರು. ತಮ್ಮನ್ನು ಹಾಡು ಕಟ್ಟುವವಳೆಂದು ನೆನೆಯದೆ ಗಳಿಕೆಯಿಂದ ಅಳೆಯುವುದೇಕೆ ಎಂಬುದು ಅವರ ತಕರಾರು. ನ್ಯಾಯವಾದ ತಕರಾರೇ, ಆದರೆ ಆ ಲೆಕ್ಕವನ್ನು ಓದಿಯೇ ಧೈರ್ಯ ತಂದುಕೊಂಡ ಕಲಾವಿದರೂ ಇದ್ದಿರಬೇಕು.

ಆ ಹಣದಲ್ಲಿ ಬಹಳಷ್ಟು ಬಫಲೋದಲ್ಲೇ ಉಳಿಯಿತು. ಉಕ್ಕಿನ ಕಾರ್ಖಾನೆ ಮುಚ್ಚಿ ಸೊರಗಿದ್ದ ಆ ಊರಿನಲ್ಲೇ ಲೇಬಲ್‌ನ ಕಚೇರಿಯಿತ್ತು. ಕೆಡವುವ ಹಂತಕ್ಕೆ ಬಂದಿದ್ದ ಹಳೆಯ ಚರ್ಚೊಂದನ್ನು ದುರಸ್ತಿ ಮಾಡಿಸಿ ಸಂಗೀತ ಸಭಾಂಗಣವನ್ನಾಗಿಸಿದರು. ಬೇರೆ ಅಲೆಮಾರಿ ಗಾಯಕರ ಹಾಡುಗಳೂ ಆ ಲೇಬಲ್‌ನಿಂದಲೇ ಹೊರಬಂದವು. ಅನಾಯಿಸ್ ಮಿಚೆಲ್ ಅವರು ವರ್ಮಾಂಟ್‌ನ ಸಣ್ಣ ಊರುಗಳಲ್ಲಿ ತಂಡ ಕಟ್ಟಿಕೊಂಡು ಬಸ್ಸಿನಲ್ಲಿ ತಿರುಗಿ ಆಡಿದ್ದ ಸಂಗೀತ ನಾಟಕ ‘ಹೇಡ್ಸ್‌ಟೌನ್’ 2010ರಲ್ಲಿ ಆಲ್ಬಮ್ ಆದದ್ದು ಇಲ್ಲಿಯೇ. ಗ್ರೀಕ್ ಪುರಾಣದ ಆ ಕಥೆಯಲ್ಲಿ ಪಾತಾಳದ ರಾಣಿ ಪರ್ಸೆಫೊನಿಯ ಪಾತ್ರಕ್ಕೆ ಹಾಡಿದವರು ಆನಿ. ಅದು 2019ರಲ್ಲಿ ನ್ಯೂಯಾರ್ಕ್ ನಗರದ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇಗೆ ಹೋಗಿ, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ ಎಂಟನ್ನು ಪಡೆಯಿತು. 2024ರಲ್ಲಿ ಆನಿಯೇ ಅಲ್ಲಿ ಆ ಪಾತ್ರ ಮಾಡಿ, ಕೆಲವು ತಿಂಗಳ ಕಾಲ ಒಂದೇ ಥಿಯೇಟರಿನಲ್ಲಿ ಹಾಡಿದರು.