ಹಳೆಯ ಬೆಂಗಳೂರಿಗೆ ಆಟೋವೇ ಸರಿ: ಲಾಲ್‌ಬಾಗ್ ಬಂಡೆಯಿಂದ ಚಿಕ್ಕಪೇಟೆಯವರೆಗೆ

ಬೆಂಗಳೂರು ಬಯಲುಸೀಮೆಯ ಊರು ನಿಜ, ಆದರೆ ಸಪಾಟಾದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಹಬ್ಬಿರುವ ಊರು ಇದು. ಈ ದಿಬ್ಬದ ಒಂದು ಪಕ್ಕಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಹಿಡಿದು, ಅರ್ಕಾವತಿಯನ್ನು ಸೇರಿ, ಕಾವೇರಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿದ್ದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಬಸವನಗುಡಿಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊರಟವರು ತಮಗೆ ಗೊತ್ತಿಲ್ಲದೆಯೇ ಒಂದು ನದಿಯ ಸೀಮೆಯಿಂದ ಇನ್ನೊಂದರ ಸೀಮೆಗೆ ಹೋಗಿಬಿಡುತ್ತಾರೆ. ಕಾರಿನ ಗಾಜು ಏರಿಸಿ ಕುಳಿತವರಿಗೆ ಈ ಏರಿಳಿತ ಗೊತ್ತೇ ಆಗುವುದಿಲ್ಲ. ಆಟೋದಲ್ಲಿ ಹಾಗಲ್ಲ. ಏರು ಬಂದರೆ ಎಂಜಿನ್ ಏದುಸಿರು ಬಿಡುತ್ತದೆ, ಇಳಿಜಾರು ಬಂದರೆ ಸದ್ದು ತಗ್ಗಿ ಬೀದಿಯ ಮಾತು, ಗುಡಿಯ ಗಂಟೆ ಎಲ್ಲವೂ ಕಿವಿಗೆ ಬೀಳುತ್ತವೆ. ಹಳೆಯ ಬೆಂಗಳೂರನ್ನು ನೋಡಬೇಕೆಂದು ಹೊರಗಿನಿಂದ ಬರುವ ಎಲ್ಲರಿಗೂ ನಾನು ಆಟೋ ಹಿಡಿಯಿರಿ ಎಂದೇ ಹೇಳುತ್ತೇನೆ.

ಸಾಗರದಿಂದ ಚಿಕ್ಕಪ್ಪ, ಚಿಕ್ಕಮ್ಮ ಮದುವೆಯೊಂದಕ್ಕೆ ಬಂದಿದ್ದರು. ವಾಪಸು ಹೋಗುವ ಮುನ್ನ ಒಂದು ಹಗಲು ಕೈಯಲ್ಲಿತ್ತು. ಚಿಕ್ಕಮ್ಮನಿಗೆ ಮಂಡಿನೋವು, ಹೆಚ್ಚು ನಡೆಯಲಾಗದು. ಬಸ್ಸಿನಲ್ಲಿ ಮಾಡಿಸುವ ನಗರ ದರ್ಶನದಲ್ಲಿ ಇಷ್ಟವಾದ ಕಡೆ ನಿಲ್ಲುವ ಸ್ವಾತಂತ್ರ್ಯವಿಲ್ಲ. ಟ್ಯಾಕ್ಸಿ ಮಾಡಿದರೆ ಪೇಟೆಯ ಹತ್ತಿರ ನಿಲ್ಲಿಸಲು ಜಾಗ ಸಿಗುವುದಿಲ್ಲ. ನಮ್ಮ ಬೀದಿಯ ಆಟೋ ನಿಲ್ದಾಣದಲ್ಲಿ ಪರಿಚಯದ ಒಬ್ಬರಿದ್ದಾರೆ. ಅವರನ್ನು ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಬಾಡಿಗೆಗೆ ಗೊತ್ತುಮಾಡಿಕೊಂಡೆವು. ಆಟೋದಲ್ಲಿ ಮೂವರಿಗೆ ಮಾತ್ರ ಅವಕಾಶ. ನಾವು ಸರಿಯಾಗಿ ಮೂವರೇ ಇದ್ದೆವು. ನಾಲ್ವರಿದ್ದರೆ ಎರಡು ಆಟೋ ಮಾಡಿಕೊಳ್ಳಿ, ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತು ಊರು ನೋಡಲಾಗುವುದಿಲ್ಲ.

ಮೊದಲು ದುಡ್ಡಿನ ಮಾತು, ಏಕೆಂದರೆ ಜಗಳವಾಗುವುದೇ ಅಲ್ಲಿ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಕಾಯುವುದಕ್ಕೆ ಮೊದಲ ಐದು ನಿಮಿಷ ಉಚಿತ, ನಂತರ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ನಾನು ಹೇಳುತ್ತಿರುವ ಈ ಸುತ್ತಿನಲ್ಲಿ ಓಡುವ ದೂರ ಹೆಚ್ಚೆಂದರೆ ಹತ್ತು ಹನ್ನೆರಡು ಕಿಲೋಮೀಟರ್, ಕಾಯುವ ಹೊತ್ತೇ ಜಾಸ್ತಿ. ಹಾಗಾಗಿ ಬರೀ ಮೀಟರ್ ಲೆಕ್ಕ ಹಿಡಿದರೆ ಚಾಲಕನಿಗೆ ಗಂಟೆಗೆ 40 ರೂಪಾಯಿ ಕಾಯುವ ಕೂಲಿ ಸಿಕ್ಕಂತಾಗುತ್ತದೆ. ಇದು ನ್ಯಾಯವಲ್ಲ. ಆ ಹೊತ್ತಿನಲ್ಲಿ ಬೇರೆ ಬಾಡಿಗೆ ಹೊಡೆದಿದ್ದರೆ ಎಷ್ಟು ಆಗುತ್ತಿತ್ತು ಎಂದು ನೇರವಾಗಿ ಕೇಳಿ, ಅರ್ಧ ದಿನಕ್ಕೆ ಒಂದು ಮೊತ್ತ ಒಪ್ಪಿಕೊಳ್ಳಿ. ಎಲ್ಲೆಲ್ಲಿ ಹೋಗಬೇಕು, ಎಲ್ಲಿ ಎಷ್ಟು ಹೊತ್ತು, ಕೊನೆಗೆ ಎಲ್ಲಿ ಇಳಿಸಬೇಕು ಎಂಬುದನ್ನು ಹತ್ತುವ ಮೊದಲೇ ಹೇಳಿಬಿಡಿ. ಪರಿಚಯದವರು ಇಲ್ಲದಿದ್ದರೆ ಮೊಬೈಲ್ ಆ್ಯಪ್‌ಗಳಲ್ಲಿ ಗಂಟೆ ಲೆಕ್ಕದ ಬಾಡಿಗೆಯ ಸೌಲಭ್ಯವಿದೆ. ದಾರಿಯಲ್ಲಿ ಯಾವುದೋ ರೇಷ್ಮೆ ಅಂಗಡಿಯನ್ನು 'ಸುಮ್ಮನೆ ನೋಡಿ ಬನ್ನಿ' ಎಂದು ತೋರಿಸುವವರೂ ಇದ್ದಾರೆ. ಬೇಡ ಎಂದು ನಯವಾಗಿ ಹೇಳಿದರೆ ಸಾಕು.

ಬೆಳಿಗ್ಗೆ ಆರಕ್ಕೆ ಲಾಲ್‌ಬಾಗ್. ಇದರಲ್ಲಿ ರಾಜಿ ಬೇಡ. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ, ಟಿಪ್ಪು ಬೆಳೆಸಿದ್ದು, ಈಗ 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಎಲ್ಲರೂ ಮೊದಲು ಓಡುವುದು ಅಲ್ಲಿಗೇ. ನೀವು ಮೊದಲು ಬಂಡೆಗೆ ಹೋಗಿ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಗ್ಗಿ ನೋಡಿದರೆ ಕಲ್ಲಿನ ಮೇಲೆ ಬೂದು ಮತ್ತು ಬಿಳಿ ಪಟ್ಟೆಗಳು ಹರಿಯುವ ನೀರಿನ ಹಾಗೆ ಬಳುಕಿಕೊಂಡು ಸಾಗಿರುವುದು ಕಾಣುತ್ತದೆ. ಚಿಕ್ಕಮ್ಮ ಚಪ್ಪಲಿ ಬಿಟ್ಟು ಆ ಪಟ್ಟೆಯೊಂದರ ಮೇಲೆ ಬರಿಗಾಲಿಟ್ಟು ನಿಂತರು. ಬೆಳಗಿನ ಹೊತ್ತಾದ್ದರಿಂದ ಕಲ್ಲು ತಣ್ಣಗಿತ್ತು. ಹತ್ತು ಗಂಟೆಯ ಮೇಲೆ ಅದೇ ಕಲ್ಲಿನ ಮೇಲೆ ನಿಲ್ಲಲಾಗುವುದಿಲ್ಲ. ನೆತ್ತಿಯ ಮೇಲೆ ಕೆಂಪೇಗೌಡ ಗೋಪುರವಿದೆ. ಒಂದು ಕಾಲಕ್ಕೆ ಊರಿನ ಎಲ್ಲೆ ಎಂದು ಹೇಳುವ ನಾಲ್ಕು ಗೋಪುರಗಳಲ್ಲಿ ಇದೊಂದು. ಇವತ್ತು ಅಲ್ಲಿ ನಿಂತು ಸುತ್ತ ನೋಡಿದರೆ ಎಲ್ಲ ದಿಕ್ಕಿಗೂ ಕಟ್ಟಡಗಳೇ, ಎಲ್ಲೆ ಕಣ್ಣಿಗೆ ಸಿಗುವುದಿಲ್ಲ.

ಆಟೋವನ್ನು ಒಳಗೆ ಬಿಡುವುದಿಲ್ಲ. ನಡೆಯಲಾಗದವರಿಗೆ ಒಳಗೆ ಬ್ಯಾಟರಿ ವಾಹನ ಸಿಗುತ್ತದೆ. ಇನ್ನೊಂದು ಮಾತು, ತೋಟಕ್ಕೆ ನಾಲ್ಕು ದ್ವಾರಗಳಿವೆ. ಯಾವ ದ್ವಾರದಿಂದ ಹೊರಬರುತ್ತೀರಿ ಎಂದು ಚಾಲಕನಿಗೆ ಮೊದಲೇ ಹೇಳಿ, ಅವರ ಮೊಬೈಲ್ ಸಂಖ್ಯೆ ಬರೆದುಕೊಳ್ಳಿ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಸುತ್ತಲಿನ ರಸ್ತೆಗಳಲ್ಲಿ ಆಟೋ ನಿಲ್ಲಿಸುವುದು ಕನಸಿನ ಮಾತು. ಹೂವೇ ನೋಡಬೇಕೆಂದಿದ್ದರೆ ಆ ದಿನ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಬನ್ನಿ.

ತಿಂಡಿ ಗಾಂಧಿ ಬಜಾರಿನಲ್ಲಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಗೆ ಶನಿವಾರ, ಭಾನುವಾರ ಸಾಲು ಬೀದಿಗೆ ಬಂದಿರುತ್ತದೆ. ಶುಕ್ರವಾರ ಅಲ್ಲಿ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಹೋಗುವುದಾದರೆ ಸೋಮವಾರ ರಜೆ ಎಂಬುದನ್ನು ನೆನಪಿಟ್ಟುಕೊಳ್ಳಿ. ತಿಂಡಿಯ ನಂತರ ಬಜಾರಿನಲ್ಲಿ ಒಂದಷ್ಟು ಹೊತ್ತು ಸುಮ್ಮನೆ ಅಡ್ಡಾಡಿ: ಮೊಳದ ಲೆಕ್ಕದಲ್ಲಿ ಹೂವು ಅಳೆದುಕೊಡುವವರು, ಗ್ರಂಧಿಗೆ ಅಂಗಡಿಗಳ ಅರಿಸಿನ ಕುಂಕುಮದ ವಾಸನೆ, ಗುಡ್ಡೆ ಹಾಕಿದ ಅವರೆಕಾಯಿ. ಅವರೆಕಾಯಿಯ ಸೊಗಡು ಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಬರಬೇಕು.

ಅಲ್ಲಿಂದ ದೊಡ್ಡ ಬಸವಣ್ಣನ ಗುಡಿ ಹತ್ತಿರ. ಬುಲ್ ಟೆಂಪಲ್ ರಸ್ತೆ ಏರಿಕೊಂಡೇ ಹೋಗುತ್ತದೆ. ಮೂವರನ್ನು ಹೊತ್ತ ಆಟೋ ಇಲ್ಲಿ ಗೇರು ಇಳಿಸಿಕೊಂಡಿತು. ಚಾಲಕ ಎಡಗೈಯ ಹಿಡಿಯನ್ನು ಹಿಂದಕ್ಕೆ ತಿರುಗಿಸಿ, ಕನ್ನಡಿಯಲ್ಲೇ ನಮ್ಮನ್ನು ನೋಡುತ್ತಾ, "ಅಮ್ಮಾ, ಇದು ದಿಣ್ಣೆ. ಹಿಂದೆ ಇಲ್ಲೆಲ್ಲ ಕಡಲೆಕಾಯಿ ಹೊಲ ಇತ್ತಂತೆ" ಎಂದರು. ಅವರ ತಲೆಯ ಮೇಲೆ, ಗಾಜಿನ ಅಂಚಿನಲ್ಲಿ, ಶಂಕರ್ ನಾಗ್ ಚಿತ್ರ ನಗುತ್ತಿತ್ತು. ಬೆಂಗಳೂರಿನ ಆಟೋಗಳಲ್ಲಿ ದೇವರ ಪಟದ ಪಕ್ಕದಲ್ಲೇ ಅವರಿಗೂ ಜಾಗವಿರುತ್ತದೆ. ಗುಡಿಯೊಳಗಿನ ಬಸವ ಒಂದೇ ಕಲ್ಲಿನದು, ಸುಮಾರು ಹದಿನೈದು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದ. ಎಣ್ಣೆ ಸವರಿ ಸವರಿ ಮೈ ಕಪ್ಪಗೆ ಹೊಳೆಯುತ್ತದೆ. ವೃಷಭಾವತಿ ಹುಟ್ಟುವುದು ಈ ಬಸವನ ಪಾದದಲ್ಲಿ ಎಂಬುದು ಹಿರಿಯರ ನಂಬಿಕೆ. ಕಾರ್ತೀಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಪರಿಷೆ ನೋಡಲೇಬೇಕಾದದ್ದು, ಆದರೆ ಆ ದಿನಗಳಲ್ಲಿ ಆಟೋ ಇತ್ತ ಸುಳಿಯಲಾರದು. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ.

ಪಕ್ಕದಲ್ಲೇ ಕಹಳೆ ಬಂಡೆ, ಅಂದರೆ ಬ್ಯೂಗಲ್ ರಾಕ್. ಲಾಲ್‌ಬಾಗಿನಲ್ಲಿ ಕಂಡ ಶಿಲೆಯೇ ಇಲ್ಲಿ ಮತ್ತೆ ತಲೆ ಎತ್ತಿದೆ. ಇದೇ ರಸ್ತೆಯ ರಾಮಕೃಷ್ಣ ಆಶ್ರಮದ ಆವರಣದಲ್ಲೂ ಒಂದು ಬಂಡೆಯಿದೆ, 1911ರಲ್ಲಿ ಶಾರದಾದೇವಿಯವರು ಬೆಂಗಳೂರಿಗೆ ಬಂದಾಗ ಅದರ ಮೇಲೆ ಕುಳಿತಿದ್ದರು. ಬಂಡೆಗಳ ನಡುವೆ ಜಾಗ ಬಿಡಿಸಿಕೊಂಡು ಈ ಬಡಾವಣೆ ಬೆಳೆದಿದೆ. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಗಾಳಿ ಬೆಳಕಿಗೆ ತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದಾಗ ಎತ್ತರದ ನೆಲ ಆರಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದು ಇಲ್ಲಿನ ಗಾಳಿಗೆ ಮುಖ ಒಡ್ಡಿದಾಗ ಅನ್ನಿಸುತ್ತದೆ.

ಗವಿಪುರಕ್ಕೆ ಇಳಿಜಾರು. ಗವಿ ಗಂಗಾಧರೇಶ್ವರನ ಗುಡಿಯನ್ನು ಮಧ್ಯಾಹ್ನ ಮುಚ್ಚುತ್ತಾರೆ, ಹನ್ನೊಂದರ ಒಳಗೆ ಅಲ್ಲಿರುವಂತೆ ನೋಡಿಕೊಳ್ಳಿ. ಇಡೀ ಸುತ್ತಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು. ಅಂಗಳದಲ್ಲಿ ಎತ್ತರದ ಕಂಬಗಳ ಮೇಲೆ ಎರಡು ದೊಡ್ಡ ಕಲ್ಲಿನ ತಟ್ಟೆಗಳು, ಸೂರ್ಯಪಾನ ಮತ್ತು ಚಂದ್ರಪಾನ. ಜೊತೆಗೆ ಕಲ್ಲಿನ ತ್ರಿಶೂಲ, ಕಲ್ಲಿನ ಡಮರು. ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ತೂರಿ ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಆ ಸಂಜೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಸಾಧಾರಣ ದಿನವೊಂದರಲ್ಲಿ ಬಂದು, ಬಾಗಿಲ ಕಡೆ ಬೆನ್ನು ಮಾಡಿ ನಿಂತು, ಬೆಳಕು ಯಾವ ಜಾಡಿನಲ್ಲಿ ಬರಬೇಕು ಎಂದು ಕಣ್ಣಳತೆ ಹಾಕಿ ನೋಡಿ. ಇದನ್ನು ಲೆಕ್ಕ ಹಾಕಿ ನಿಲ್ಲಿಸಿದವರ ಜಾಣ್ಮೆ ಆಗ ಮನಸ್ಸಿಗೆ ನಾಟುತ್ತದೆ. ಗರ್ಭಗುಡಿಯ ಸುತ್ತಿನ ಪ್ರದಕ್ಷಿಣೆಗೆ ಬೆನ್ನು ಬಗ್ಗಿಸಿಯೇ ಹೋಗಬೇಕು, ಮೇಲಿನ ಬಂಡೆ ತಲೆಗೆ ತಾಗುತ್ತದೆ. ಚಿಕ್ಕಪ್ಪ ಹೋಗಿ ಬಂದರು, ಚಿಕ್ಕಮ್ಮ ಮುಂದೆಯೇ ಕುಳಿತರು. ಒಳಗಿರುವ ಅಗ್ನಿಯ ಮೂರ್ತಿಯನ್ನು ತಪ್ಪಿಸಬೇಡಿ: ಎರಡು ತಲೆ, ಏಳು ಕೈ, ಮೂರು ಕಾಲು.

ಸ್ವಲ್ಪ ಕೆಳಗೆ ಕೆಂಪಾಂಬುಧಿ ಕೆರೆ, ಅದರ ಬಳಿ ಇನ್ನೊಂದು ಗೋಪುರ. ಉಳಿದೆರಡು ಹಲಸೂರಿನಲ್ಲಿ ಮತ್ತು ಮೇಖ್ರಿ ವೃತ್ತದಲ್ಲಿವೆ. ನಾಲ್ಕನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ, ದಿನವೆಲ್ಲ ಸಿಗ್ನಲ್‌ಗಳಲ್ಲೇ ಕಳೆದುಹೋಗುತ್ತದೆ.

ಬಿಸಿಲು ಏರುವ ಹೊತ್ತಿಗೆ ಟಿಪ್ಪುವಿನ ಬೇಸಿಗೆ ಅರಮನೆಗೆ ಬನ್ನಿ. ಹೈದರಾಲಿ 1781ರಲ್ಲಿ ಆರಂಭಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ತೇಗದ ಕಂಬಗಳ ನಡುವೆ ಗಾಳಿ ಆಡುವುದರಿಂದ ನಡುಹಗಲಿನಲ್ಲೂ ತಂಪು. ಬ್ರಿಟಿಷರ ಕಾಲದಲ್ಲಿ, 1868ರಲ್ಲಿ ಅಠಾರ ಕಚೇರಿಗೆ (ಇಂದಿನ ಹೈಕೋರ್ಟ್ ಕಟ್ಟಡ) ಹೋಗುವವರೆಗೂ, ಸರ್ಕಾರಿ ಕಚೇರಿಗಳು ಇಲ್ಲೇ ಇದ್ದವು. ಒತ್ತಿನಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆಯೂ ದೇವಸ್ಥಾನವೂ ಹೀಗೆ ಗೋಡೆ ಹಂಚಿಕೊಂಡಂತೆ ನಿಂತಿರುವುದನ್ನು ಎರಡನ್ನೂ ಒಟ್ಟಿಗೆ ನೋಡಿದಾಗಲೇ ಅರಿಯಲು ಸಾಧ್ಯ. ಮಾರುಕಟ್ಟೆಯ ಎದುರಿನ ಕೋಟೆಯಲ್ಲಿ ಉಳಿದಿರುವುದು ದಿಲ್ಲಿ ಬಾಗಿಲು ಮತ್ತು ಸುತ್ತಿನ ಒಂದಿಷ್ಟು ಗೋಡೆ ಅಷ್ಟೇ. ಕೆಂಪೇಗೌಡರು 1537ರಲ್ಲಿ ಕಟ್ಟಿದ್ದು ಮಣ್ಣಿನ ಕೋಟೆ, ಅದನ್ನು ಕಲ್ಲಿನದಾಗಿಸಿದ್ದು ಹೈದರಾಲಿ. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ಕೈಗೆ ಹೋಯಿತು. ದಿನವೂ ಲಕ್ಷಾಂತರ ಜನ ಬಸ್ಸಿನಲ್ಲಿ ಇದರ ಪಕ್ಕದಲ್ಲೇ ಹಾದುಹೋಗುತ್ತಾರೆ, ಒಳಗೆ ಬರುವವರು ಮಾತ್ರ ಕೆಲವರೇ. ಹತ್ತು ನಿಮಿಷವಾದರೂ ಒಳಗೆ ನಿಲ್ಲಿ, ಆ ಗೋಡೆಯ ಕಲ್ಲುಗಳ ಗಾತ್ರ ನೋಡಿ.

ಆಟೋವನ್ನು ಇಲ್ಲೇ ಬಿಟ್ಟುಬಿಡಿ. ಚಿಕ್ಕಪೇಟೆ, ನಗರ್ತಪೇಟೆ, ಬಳೇಪೇಟೆಗಳ ಗಲ್ಲಿಗಳಲ್ಲಿ ಕೈಗಾಡಿ, ತಲೆಹೊರೆ, ಸ್ಕೂಟರುಗಳ ನಡುವೆ ಆಟೋ ಸಿಕ್ಕಿಕೊಂಡರೆ ನಿಮಗೂ ಕಷ್ಟ, ಚಾಲಕನಿಗೂ ಕಷ್ಟ. ದೊಡ್ಡಪೇಟೆ ಅಂದರೆ ಇಂದಿನ ಅವೆನ್ಯೂ ರಸ್ತೆ, ಅದು ಚಿಕ್ಕಪೇಟೆಯನ್ನು ಕೂಡುವಲ್ಲಿಂದಲೇ ಕೆಂಪೇಗೌಡರು ನಾಲ್ಕು ದಿಕ್ಕಿಗೆ ಎತ್ತು ಹೂಡಿ ನೇಗಿಲ ಗೆರೆ ಎಳೆದು ಊರಿನ ಬೀದಿಗಳನ್ನು ಗುರುತು ಮಾಡಿದರು ಎಂಬ ಐತಿಹ್ಯವಿದೆ. ಸೀರೆ ಕೊಳ್ಳುವವರು ವಾರದ ದಿನ ಬನ್ನಿ. ಹಳೆಯ ಕಟ್ಟಡಗಳ ಮಹಡಿ, ಕಟಕಟೆ, ಮರದ ಕೆತ್ತನೆ ನೋಡುವ ಆಸೆಯಿರುವವರು ಭಾನುವಾರ ಬನ್ನಿ, ಬಹುಪಾಲು ಅಂಗಡಿಗಳು ಮುಚ್ಚಿರುವುದರಿಂದ ತಲೆ ಎತ್ತಿ ನಡೆಯಬಹುದು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ ಇಲ್ಲಿಂದ ದೂರವಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಇಲ್ಲಿಂದ, ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ.

ಕೆಲವು ಸಣ್ಣ ವಿಷಯ. ಸೆರಗು, ವೇಲು ಹೊರಗೆ ಹಾರದಂತೆ ಸಿಕ್ಕಿಸಿಕೊಳ್ಳಿ. ಅಂಚಿನಲ್ಲಿ ಕುಳಿತವರು ಮೊಬೈಲನ್ನು ಹೊರಚಾಚಿ ಚಿತ್ರ ತೆಗೆಯಬೇಡಿ. ಧೂಳು, ಹೊಗೆ ಆಗದವರಿಗೆ ಮುಖಗವಸು ಬೇಕೇ ಬೇಕು, ಮಾರುಕಟ್ಟೆಯ ಸುತ್ತ ಹೊಗೆ ಹೆಚ್ಚು. ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಮಳೆ ಮಧ್ಯಾಹ್ನದ ಮೇಲೆ ಬೀಳುವುದೇ ಹೆಚ್ಚು, ಆಟೋದ ಪಕ್ಕದ ಪರದೆ ಅರ್ಧ ನೀರನ್ನಷ್ಟೇ ತಡೆಯುತ್ತದೆ. ನವೆಂಬರಿನಲ್ಲಿ ಬಂದರೆ ಹವೆಯೂ ಹಿತ, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಾವುಟ ಕಟ್ಟಿಕೊಂಡ ಆಟೋದಲ್ಲಿ ಕೂರುವ ಸಂತೋಷವೂ ಉಂಟು.

ಪೇಟೆ ಸುತ್ತಿ ದಣಿದ ಮೇಲೆ ಮತ್ತೆ ಆಟೋ ಹುಡುಕಬೇಕಿಲ್ಲ. ಚಿಕ್ಕಪೇಟೆಯಲ್ಲೇ ಹಸಿರು ಮಾರ್ಗದ ಮೆಟ್ರೊ ನಿಲ್ದಾಣವಿದೆ, ಮುಂದಿನ ನಿಲ್ದಾಣವೇ ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿಕೊಂಡರೆ ಹಲಸೂರು. ಸಂಜೆ ಸೋಮೇಶ್ವರ ದೇವಸ್ಥಾನ ತೆರೆದಿರುತ್ತದೆ, ನಿಲ್ದಾಣದಿಂದ ಅಲ್ಲಿಗೆ ನಡೆದೇ ಹೋಗಬಹುದು.